ಘಾಟ್ಕೋಪರಿನಲ್ಲಿ ಹೊನ್ನಾರು

ಬೊಂಬಾಯಿಯ ಈ ನಮ್ಮ ಬಿಲ್ಡಿಂಗಿನ ಹಿಂದೆ, ಮೇಲಿನ ಮನೆಗಳ ಒದ್ದೆ ಬಟ್ಟೆಯಿಂದ ನೀರು ತೊಟ್ಟಿಕ್ಕುವ ಕಡೆ, ಒಂದು ಪಟ್ಟಿ ಮಣ್ಣಿದೆ. ಸುತ್ತಮುತ್ತಲಿನ ಸೊಸೈಟಿಗಳಲ್ಲೆಲ್ಲ ಸಿಮೆಂಟು ಬಿದ್ದರೂ ಅದು ಮಾತ್ರ ಮಣ್ಣಾಗಿಯೇ ಉಳಿದದ್ದು ಹೇಗೆ ಎಂಬುದನ್ನು, ಮೊಮ್ಮಕ್ಕಳೇ, ನಿಮಗಾಗಿ ಬರೆದಿಡುತ್ತಿದ್ದೇನೆ. ನಿಮ್ಮಲ್ಲಿ ದೊಡ್ಡವಳಿಗೆ ಇದು ಗೊತ್ತು. ಆದರೆ ಅವಳು ಹೇಳಿದಾಗೆಲ್ಲ ಕಥೆ ಒಂದಿಷ್ಟು ಬೆಳೆಯುತ್ತದೆ. ಮೊನ್ನೆ ಗೆಳತಿಯರ ಮುಂದೆ ಹೇಳುವಾಗ ಅದರೊಳಗೆ ಒಂದು ಜೊತೆ ಬಿಳಿ ಎತ್ತುಗಳೂ ಬಂದಿದ್ದವು. ಎತ್ತು ಬಂದಿರಲಿಲ್ಲ. ಚಿಕ್ಕವನು ಆಗ ನಿಮ್ಮಮ್ಮನ ಸೊಂಟ ಬಿಟ್ಟು ಇಳಿಯುತ್ತಿರಲಿಲ್ಲ, ಅವನಿಗೆ ಏನೂ ನೆನಪಿರುವುದಿಲ್ಲ.

ಆ ಮಣ್ಣಿನಲ್ಲಿ ಮೊದಲು ಕೈಯಿಟ್ಟವರು ನಿಮ್ಮ ತಾತ. ರಿಟೈರಾದ ವರ್ಷ ನಮ್ಮ ಊರಿನಿಂದ ಕರಿಬೇವಿನ ಸಸಿಯೊಂದನ್ನು ಒದ್ದೆ ಟವೆಲ್ಲಿನಲ್ಲಿ ಸುತ್ತಿ ರೈಲಿನಲ್ಲಿ ತಂದು ಪಡುವಣ ಗೋಡೆಯ ಪಕ್ಕ ನೆಟ್ಟರು. ನಡುವೆ ಒಂದು ನುಗ್ಗೆ ಮರ ಮೊದಲೇ ಇತ್ತು. ಮೂಡಣ ತುದಿಯಲ್ಲಿ ಪಂಪ್ ರೂಮು. ಅವರು ಹೋದ ಮೇಲೆ ನಾನು ದಂಟು, ಮೆಂತ್ಯ ಹಾಕಿಕೊಂಡು ಬಂದೆ. ನಿಮ್ಮಮ್ಮ ತನ್ನ ಕಡೆಯವರಿಂದ ಬಸಳೆ ಬಳ್ಳಿ ತಂದು ಹಬ್ಬಿಸಿದಳು. ನನಗೆ ಹೊರಗಿನವರ ಜೊತೆ ಮಾತಾಡಲು ಮೊದಲಿನಿಂದಲೂ ಸಂಕೋಚ. ಲಿಫ್ಟಿನಲ್ಲಿ ಯಾರಾದರೂ ಇದ್ದರೆ ಮೆಟ್ಟಿಲು ಹತ್ತಿಯೇ ಹೋಗುತ್ತಿದ್ದೆ. ಆ ಮಣ್ಣಿನ ಮುಂದೆ ಕುಕ್ಕರಗಾಲಿನಲ್ಲಿ ಕೂತಾಗ ಮಾತ್ರ ನಾನು ಯಾರದೋ ಊರಿನಲ್ಲಿದ್ದೇನೆ ಎಂದು ಅನ್ನಿಸುತ್ತಿರಲಿಲ್ಲ.

ಹೋದ ವರ್ಷ ಜನವರಿಯಲ್ಲಿ ದೊಡ್ಡವಳ ಸ್ಕೂಲಿನಲ್ಲಿ ಬೇರೆ ಬೇರೆ ದೇಶದ ಹಬ್ಬಗಳ ಪ್ರಾಜೆಕ್ಟು ಕೊಟ್ಟರು. ಇವಳ ಗುಂಪಿಗೆ ಇಂಗ್ಲೆಂಡಿನ ಹಳ್ಳಿಗಳು ಬಂದವು. ಸಂಜೆ ನಾನು ಅವರೆಕಾಯಿ ಸುಲಿಯುತ್ತಾ ಕೂತಿದ್ದೆ. ಅವಳು ಫೋನು ಹಿಡಿದು ಬಂದು ಪಕ್ಕದಲ್ಲಿ ಧೊಪ್ಪನೆ ಕೂತಳು.

"ಅಜ್ಜಿ, ದೇಖೋ ನಾ. ನೇಗಿಲು! ನೀನು ಹೇಳ್ತೀಯಲ್ಲ, ಅದೇ."

ನೋಡಿದೆ. ಚಳಿಯಲ್ಲಿ ಕೋಟು ಹಾಕಿದ ಗಂಡಸರ ದಂಡು ಒಂದು ನೇಗಿಲಿಗೆ ಹಗ್ಗ ಕಟ್ಟಿ ಊರ ಬೀದಿಯಲ್ಲಿ ಎಳೆದುಕೊಂಡು ಹೋಗುತ್ತಿತ್ತು. ಮುಖಕ್ಕೆಲ್ಲ ಬಣ್ಣ ಮೆತ್ತಿಕೊಂಡಿದ್ದರು. ಕುಣಿತ, ವಾದ್ಯ.

"ಎತ್ತು ಎಲ್ಲಿ?" ಎಂದೆ.

"ಎತ್ತು ನಹೀಂ ಹೈ ಅಜ್ಜಿ. ಅವರೇ ಎಳೀತಾರೆ. ಕ್ರಿಸ್‌ಮಸ್ ರಜ ಮುಗಿದ ಮೇಲೆ ಒಂದು ಸೋಮವಾರ. ಆ ದಿನದಿಂದ ಖೇತಿ ಕೆಲಸ ಶುರು. ಅದರ ಹಿಂದಿನ ದಿನ ಚರ್ಚಲ್ಲಿ ನೇಗಿಲಿಗೆ ಪೂಜೆನೂ ಮಾಡ್ತಾರೆ."

"ಮುಖಕ್ಕೆ ಯಾಕೆ ಬಣ್ಣ?"

"ಯಾರು ಅಂತ ಗೊತ್ತಾಗಬಾರದು ಅಂತ. ಅವರು ಮನೆ ಮನೆಗೆ ಹೋಗಿ ಕೇಳ್ತಾರೆ. ಯಾರು ಏನೂ ಕೊಡಲ್ವೋ ಅವರ ಬಾಗಿಲ ಮುಂದೆ ಪೂರಾ ಉತ್ತುಬಿಡ್ತಾರೆ!"

ನನಗೆ ನಗು ಬಂತು. ಆ ಗುಂಪಿನಲ್ಲಿ ದಪ್ಪ ಮೀಸೆಯ ಗಂಡಸೊಬ್ಬ ಹೆಂಗಸಿನ ಲಂಗ ತೊಟ್ಟು, ತಲೆಗೆ ಬಟ್ಟೆ ಕಟ್ಟಿ ಕುಣಿಯುತ್ತಿದ್ದ. ಅದೂ ಕಟ್ಟಳೆಯಂತೆ. ಅವನಿಲ್ಲದೆ ನೇಗಿಲು ಹೊರಡುವುದಿಲ್ಲವಂತೆ.

"ನಮ್ಮಲ್ಲೂ ಇದೆ ಕಣಮ್ಮ ಇದು. ಹೊನ್ನಾರು ಅಂತಾರೆ," ಎಂದೆ. ಅವಳು ಫೋನು ಕೆಳಗಿಟ್ಟಳು. ಹಾಗೆ ಅವಳು ಫೋನು ಕೆಳಗಿಡುವುದು ಅಪರೂಪ, ಅದಕ್ಕೇ ಅವತ್ತು ಬಿಡಿಸಿ ಹೇಳಿದೆ. ನಿಮಗೂ ಹೇಳುತ್ತೇನೆ.

ಮಂಡ್ಯದ ಕಡೆಯ ನಮ್ಮ ಊರಿನಲ್ಲಿ ಯುಗಾದಿ ಎಂದರೆ ಬರೀ ಒಬ್ಬಟ್ಟಲ್ಲ. ಬೆಳಗ್ಗೆ ದೇವಸ್ಥಾನದ ಜಗಲಿಯಲ್ಲಿ ಹೊಸ ಪಂಚಾಂಗ ಓದಿ ಮಳೆ ಬೆಳೆ ಹೇಗೆ ಎಂದು ಹೇಳುತ್ತಿದ್ದರು. ಕೊನೆಗೆ, ಈ ವರ್ಷ ಹೊನ್ನಾರು ಯಾವ ರಾಶಿಯವರು ಕಟ್ಟಬೇಕು ಎಂದು ಹೇಳುತ್ತಿದ್ದರು. ಆ ರಾಶಿಯವನು ಉಳ್ಳವನೋ ಇಲ್ಲದವನೋ, ಅವನೇ ಆ ವರ್ಷದ ಮೊದಲ ಸಾಲು ಎಳೆಯಬೇಕು. ಅದಕ್ಕೆ ಮೊದಲು ಊರಿನಲ್ಲಿ ಯಾರೂ ಹೊಲಕ್ಕೆ ನೇಗಿಲು ಇಳಿಸುವ ಹಾಗಿಲ್ಲ. ಕೊಂಬಿಗೆ ಬಣ್ಣ ಬಳಿದ ಎತ್ತು ಕಟ್ಟಿಕೊಂಡು ಅವನು ಮುಂದೆ, ಊರಿನ ನೇಗಿಲುಗಳೆಲ್ಲ ಅವನ ಹಿಂದೆ. ಬಾಗಿಲು ಬಾಗಿಲಿಗೂ ಹೆಂಗಸರು ಎತ್ತಿನ ಕಾಲಿಗೆ ನೀರು ಹಾಕಿ ಆರತಿ ಎತ್ತುತ್ತಿದ್ದರು. ಹೊಲದಲ್ಲಿ ಅವನು ಮೂಡಲಿಗೆ ಮುಖ ಮಾಡಿ ಸಾಲು ಎಳೆಯುತ್ತಿದ್ದ. ಅವನಿಗೆ ಎರಡು ಕಟ್ಟು. ಸಾಲು ಮುಗಿಯುವ ತನಕ ನೇಗಿಲನ್ನು ಮಣ್ಣಿನಿಂದ ಎತ್ತಬಾರದು. ಹಿಂದೆ ತಿರುಗಿ ನೋಡಬಾರದು. ಹೊನ್ನಾರು ಎಳೆದ ನೆಲವನ್ನು ಆ ವರ್ಷ ಬೀಳು ಬಿಡುವಂತೆಯೂ ಇರಲಿಲ್ಲ, ಏನಾದರೂ ಬಿತ್ತಲೇಬೇಕು.

ದೊಡ್ಡವಳಿಗೆ ಅವತ್ತು ಹೇಳದೆ ಬಿಟ್ಟದ್ದು ಒಂದಿದೆ. ನೇಗಿಲು ಬರುವ ಹೊತ್ತಿಗೆ ನನ್ನ ಅಜ್ಜಿ ಎದ್ದು ಬಾಗಿಲ ಹಿಂದೆ ನಿಲ್ಲುತ್ತಿದ್ದಳು. ಗಂಡ ಸತ್ತವರು ಹೊನ್ನಾರಿಗೆ ಎದುರಾಗಬಾರದು ಎಂದು. ಬಾಗಿಲ ಸಂದಿನಿಂದ ಅವಳ ಒಂದು ಕಣ್ಣು ಕಾಣುತ್ತಿತ್ತು. ನಿಮ್ಮ ತಾತ ಹೋದ ಮೇಲಿನ ಯುಗಾದಿಗೆ ನಾನು ತವರಿಗೆ ಹೋಗಿದ್ದೆ. ಗೆಜ್ಜೆ ಸದ್ದು ಕೇಳಿದ್ದೇ ಎದ್ದು ಹೋಗಿ ಅದೇ ಬಾಗಿಲ ಹಿಂದೆ ನಿಂತೆ. ಹೋಗು ಎಂದು ಯಾರೂ ಹೇಳಲಿಲ್ಲ. ಬಾ ಎಂದೂ ಯಾರೂ ಕರೆಯಲಿಲ್ಲ.

ಆ ಪ್ರಾಜೆಕ್ಟಿನಲ್ಲಿ ಇನ್ನೊಂದು ಪದ್ಧತಿ ಇತ್ತು. ಜನವರಿಯಲ್ಲೇ ಅಲ್ಲಿನವರು ಸೇಬಿನ ತೋಟಕ್ಕೆ ಹೋಗಿ, ಸೇಬಿನ ಮದ್ಯದಲ್ಲಿ ಅದ್ದಿದ ರೊಟ್ಟಿಯ ಚೂರನ್ನು ಕೊಂಬೆಗೆ ಸಿಕ್ಕಿಸಿ, ಪಾತ್ರೆ ಬಡಿದು ಮರವನ್ನು ಎಬ್ಬಿಸುತ್ತಾರಂತೆ, ಆ ವರ್ಷ ಚೆನ್ನಾಗಿ ಹಣ್ಣು ಬಿಡಲಿ ಎಂದು. ನಮ್ಮಲ್ಲಿರುವುದು ನುಗ್ಗೆ ಮರ. ದೊಡ್ಡವಳು ಬ್ರೆಡ್ಡನ್ನು ಚಹಾದಲ್ಲಿ ಅದ್ದಿ ಅದಕ್ಕೆ ಸಿಕ್ಕಿಸಿದಳು. ಕಾಗೆ ತಕ್ಷಣ ಎತ್ತಿಕೊಂಡು ಹೋಯಿತು. ಅವಳೂ ಅವಳ ಗೆಳತಿಯರೂ ಕುಕ್ಕರಿನ ಮುಚ್ಚಳ, ಸ್ಟೀಲ್ ತಟ್ಟೆ ಹಿಡಿದು ಬಡಿದ ಬಡಿತಕ್ಕೆ ನುಗ್ಗೆ ಮರ ಎದ್ದಿತೋ ಇಲ್ಲವೋ, ಮಧ್ಯಾಹ್ನದ ನಿದ್ದೆಯಲ್ಲಿದ್ದ ಸೊಸೈಟಿಯ ಸೆಕ್ರೆಟರಿ ಎದ್ದು ಕೆಳಗೆ ಬಂದರು.

ಸೆಕ್ರೆಟರಿ ಸಾತಾರಾ ಕಡೆಯ ಮರಾಠಿಯವರು, ಮೂರನೇ ಮಹಡಿ. ಕೆಟ್ಟವರಲ್ಲ, ಗಲಾಟೆ ಆಗದವರು. ಮಕ್ಕಳನ್ನು ಗದರಿ, ನುಗ್ಗೆ ಮರವನ್ನೂ ನನ್ನ ಮೆಂತ್ಯವನ್ನೂ ಒಮ್ಮೆ ನೋಡಿ, ಹೇಗೂ ಇದೆಲ್ಲ ಹೋಗುತ್ತದೆ, ಇಲ್ಲಿ ಪೇವರ್ ಬ್ಲಾಕ್ ಹಾಸಿ ಸ್ಕೂಟರ್ ಪಾರ್ಕಿಂಗ್ ಮಾಡುತ್ತೇವೆ, ಮುಂದಿನ ಮೀಟಿಂಗಿನಲ್ಲಿ ಪಾಸ್ ಮಾಡುವುದಷ್ಟೇ ಬಾಕಿ ಎಂದು ಹಿಂದಿಯಲ್ಲಿ ಹೇಳಿದರು. ನನ್ನ ಕೈಯಲ್ಲಿ ಕಳೆ ಕೀಳುವ ಕುಡುಗೋಲಿತ್ತು. ಏನಾದರೂ ಹೇಳಬೇಕಿತ್ತು. ಸೆರಗು ಸರಿ ಮಾಡಿಕೊಂಡೆ, ಅಷ್ಟೇ. ಅವರು ಮೇಲೆ ಹೋದರು.

ರಾತ್ರಿ ಊಟಕ್ಕೆ ಕೂತಾಗ ನಿಮ್ಮಪ್ಪನಿಗೆ ಹೇಳಿದೆ. ಬಾಂದ್ರಾದ ಆಫೀಸಿನಿಂದ ಬಂದು ಸುಸ್ತಾಗಿದ್ದ. "ಅಮ್ಮ, ಎಲ್ಲರಿಗೂ ಪಾರ್ಕಿಂಗ್ ಬೇಕು. ಮೆಜಾರಿಟಿ ಮುಂದೆ ನಾವೇನು ಮಾಡೋದು? ಬಾಲ್ಕನಿಯಲ್ಲಿ ಕುಂಡ ಇಟ್ಟುಕೊಳ್ಳೋಣ ಬಿಡು," ಎಂದ.

"ಕರಿಬೇವಿನ ಮರ ಕುಂಡಕ್ಕೆ ಬರುತ್ತಾ?" ಎಂದೆ. ಅದು ಯಾರು ನೆಟ್ಟದ್ದು ಎಂದು ಅವನಿಗೂ ನೆನಪಿತ್ತು.

ಮೀಟಿಂಗಿನ ಭಾನುವಾರ ಅವನು ಆಫೀಸಿನ ಕೆಲಸದ ಮೇಲೆ ಪರ ಊರಿಗೆ ಹೋಗಿದ್ದ. ಅವನ ಬದಲು ನಾನೇ ಹೋಗುತ್ತೇನೆ ಎಂದಾಗ ನಿಮ್ಮಮ್ಮ ಕೈಯಲ್ಲಿದ್ದ ಸೌಟನ್ನು ಹಾಗೇ ಹಿಡಿದು ನೋಡಿದಳು. ಈ ಬಿಲ್ಡಿಂಗಿಗೆ ಬಂದಾಗಿನಿಂದ ನಾನು ಒಂದು ಮೀಟಿಂಗಿಗೂ ಹೋದವಳಲ್ಲ. ಕೆಳಗೆ ಪಾರ್ಕಿಂಗಿನಲ್ಲಿ ಪ್ಲಾಸ್ಟಿಕ್ ಕುರ್ಚಿ ಹಾಕಿದ್ದರು. ಹಿಂದಿನ ಸಾಲಿನಲ್ಲಿ ಕೂತೆ. ನೀರಿನ ಟ್ಯಾಂಕರು, ಲಿಫ್ಟಿನ ರಿಪೇರಿ ಎಲ್ಲ ಮುಗಿದ ಮೇಲೆ ಬ್ಲಾಕಿನ ಮಾತು ಬಂತು. ಯಾರಿಗಾದರೂ ಏನಾದರೂ ಹೇಳುವುದಿದೆಯೇ ಎಂದು ಸೆಕ್ರೆಟರಿ ಕೇಳಿದರು. ನಾನು ಎದ್ದು ನಿಂತೆ. ಮುಂದಿನ ಕುರ್ಚಿಯ ಬೆನ್ನನ್ನು ಹಿಡಿದುಕೊಂಡೆ.

"ಪಾಡ್ವಾ ತಕ್ ರುಕೋ," ಎಂದೆ. ನಮ್ಮ ಯುಗಾದಿಯೇ ಇಲ್ಲಿ ಗುಡಿ ಪಾಡ್ವಾ. ಅಲ್ಲಿಯವರೆಗೆ ನಿಲ್ಲಿ ಎಂದು ಹೇಳುವಷ್ಟು ಹಿಂದಿ ನನಗಿತ್ತು.

"ಕ್ಯೂಂ ಮಾಜೀ? ಪಾಡ್ವಾ ಕೋ ಕ್ಯಾ ಹೈ?" ಪಾಡ್ವಾಕ್ಕೆ ಏನಿದೆ ಎಂದು ಸೆಕ್ರೆಟರಿ ಕೇಳಿದರು.

ನೇಗಿಲಿಗೆ ಹಿಂದಿಯಲ್ಲಿ ಏನೆನ್ನುತ್ತಾರೋ ಗೊತ್ತಿರಲಿಲ್ಲ. ಎರಡು ಕೈಯಿಂದ ಹಿಡಿ ಹಿಡಿದು ಒತ್ತಿಕೊಂಡು ಹೋಗುವಂತೆ ಮಾಡಿ ತೋರಿಸಿದೆ. "ಉಸ್ ದಿನ್ ಉಧರ್ ಐಸಾ ಕರನಾ ಹೈ." ಆ ದಿನ ಅಲ್ಲಿ ಹೀಗೆ ಮಾಡಬೇಕು ಎಂದೆ.

"ನಾಂಗರ್?" ಎಂದರು ಸೆಕ್ರೆಟರಿ. ಮರಾಠಿಯಲ್ಲಿ ಅದೇ ನೇಗಿಲು.

"ಹಾಂ. ನಾಂಗರ್."

ಎಲ್ಲರೂ ನಕ್ಕರು. "ಟ್ರ್ಯಾಕ್ಟರ್ ಬುಕ್ ಕರೂಂ ಕ್ಯಾ ಆಂಟೀ?" ಎಂದು ಕೆಳಮನೆಯವರು ಕೇಳಿದರು. ಸೆಕ್ರೆಟರಿಯೂ ನಗುತ್ತಾ ಕೈಯೆತ್ತಿ ಎಲ್ಲರನ್ನೂ ಸುಮ್ಮನಾಗಿಸಿ, "ಠೀಕ್ ಹೈ ಮಾಜೀ. ಜಿತನಾ ಆಪಕಾ ನಾಂಗರ್ ಜಾಯೇಗಾ, ಉತನೀ ಮಿಟ್ಟೀ ಆಪಕೀ," ಎಂದರು. ನಿಮ್ಮ ನೇಗಿಲು ಎಲ್ಲಿಯವರೆಗೆ ಹೋಗುತ್ತದೋ ಅಲ್ಲಿಯವರೆಗಿನ ಮಣ್ಣು ನಿಮ್ಮದು. ಚಪ್ಪಾಳೆ ಬಿತ್ತು.

"ಪಕ್ಕಾ?" ಎಂದೆ.

"ಪಕ್ಕಾ."

ಪರ ಊರಿನಿಂದ ಬಂದ ನಿಮ್ಮಪ್ಪ ಇದನ್ನು ಕೇಳಿ ಹಣೆ ಒತ್ತಿಕೊಂಡ. "ಅಮ್ಮ, ಅವರು ತಮಾಷೆ ಮಾಡಿದ್ದು."

"ನಾನು ಮಾಡಿಲ್ಲ," ಎಂದೆ.

ಮಾತೇನೋ ಆಡಿಬಿಟ್ಟಿದ್ದೆ. ನೇಗಿಲು ಎಲ್ಲಿಂದ ತರುವುದು? ದಾರಿ ತೋರಿಸಿದವಳು ನಿಮ್ಮಮ್ಮ. "ಅತ್ತೆ, ಅಪ್ಪನ ಹೋಟೆಲಿನ ಏಸಿ ರೂಮಿನ ಗೋಡೆಯಲ್ಲಿ ಒಂದು ಉಂಟಲ್ವಾ!" ಎಂದಳು. ಅವಳ ಅಪ್ಪ, ಅಂದರೆ ನಿಮ್ಮ ಗ್ರಾಂಟ್ ರೋಡಿನ ಅಜ್ಜ, ಉಡುಪಿ ಕಡೆಯಿಂದ ಚಿಕ್ಕಂದಿನಲ್ಲೇ ಬಂದು ಹೋಟೆಲು ಕಟ್ಟಿದವರು. ಹೋಟೆಲನ್ನು ಹೊಸದು ಮಾಡಿಸುವಾಗ ಗೋಡೆಯ ಮೇಲೆ ಹಳ್ಳಿಯ ಸಾಮಾನು ತೂಗು ಹಾಕುವ ಫ್ಯಾಶನ್ನು ಬಂದಿತ್ತು. ಕಡಗೋಲು, ಮೊರಗಳ ಜೊತೆ ಅವರ ಮನೆಯದೇ ಹಳೇ ನೇಗಿಲು ಅಲ್ಲಿ ಏರಿ ಕೂತಿತ್ತು.

ನಿಮ್ಮಮ್ಮ ಫೋನು ಮಾಡಿದಳು. ಆಚೆಯಿಂದ ಅವರ ದನಿ ನನಗೂ ಕೇಳುತ್ತಿತ್ತು. "ನೇಗಿಲಾ? ನಿನ್ನ ಅತ್ತೆಗೆ ನೇಗಿಲು ಎಂತಕ್ಕೆ ಮಾರಾಯ್ತಿ? ಬೇಕಾದ್ರೆ ಮಸಾಲೆ ದೋಸೆ ಕಳಿಸ್ತೇನೆ." ಅವಳು ಎಲ್ಲವನ್ನೂ ಹೇಳಿದ ಮೇಲೆ, "ನಮ್ಮಲ್ಲಿ ಹೊಸ ವರ್ಷದ ಬಿಸು ಹಬ್ಬಕ್ಕೆ ಗದ್ದೆಗೆ ಇಳಿದು ಕೈಯಿಂದ ಒಂದಿಷ್ಟು ಬಿತ್ತ ಹಾಕುವುದುಂಟು. ಬೊಂಬಾಯಿಗೆ ಬಂದ ಮೇಲೆ ನಾನು ಅದನ್ನು ಮಾಡಿದ್ದೇ ಇಲ್ಲ. ಬನ್ನಿ, ಇಳಿಸಿಕೊಡ್ತೇನೆ," ಎಂದರು.

ನಾವಿಬ್ಬರೂ ಹೋದಾಗ ಅವರು ಆಗಲೇ ಅದನ್ನು ಇಳಿಸಿ, ಬಾಣಸಿಗನಿಂದ ದೋಸೆಯ ಸಟ್ಟುಗ ತರಿಸಿ, ಗುಳದ ಮೇಲೆ ಬಳಿದಿದ್ದ ಹಿತ್ತಾಳೆ ಬಣ್ಣವನ್ನು ಕೆರೆಯುತ್ತಾ ಕೂತಿದ್ದರು. ಗುಳ ಎಂದರೆ ಮಣ್ಣನ್ನು ಸೀಳುವ ಕಬ್ಬಿಣ. ಬಣ್ಣದ ಅಡಿಯಲ್ಲಿ ಅದು ಗಟ್ಟಿಯಾಗಿಯೇ ಇತ್ತು. ಟ್ಯಾಕ್ಸಿಯವನು ನೇಗಿಲು ನೋಡಿ ಒಲ್ಲೆ ಎಂದ. ಬೀಗರು ಹೆಗಲ ಮೇಲೆ ಇಟ್ಟುಕೊಂಡರು, ಲೋಕಲಿನ ಲಗೇಜ್ ಡಬ್ಬಿ ಹತ್ತಿದೆವು. ಸೊಪ್ಪಿನ ಮೂಟೆಯ ಮೇಲೆ ಕೂತಿದ್ದ ಮರಾಠಿ ಹೆಂಗಸೊಬ್ಬಳು ಕಾಲು ಮಡಚಿ ನೇಗಿಲಿಗೆ ಜಾಗ ಬಿಟ್ಟಳು.

"ಕಾಯ್ ಹೋ ಕಾಕಾ, ಶೇತ್ ಕುಠೇ ಘೇತಲಂ?" ಹೊಲ ಎಲ್ಲಿ ತೆಗೆದುಕೊಂಡಿರಿ ಎಂದು ಕೇಳಿದಳು.

"ಘಾಟ್ಕೋಪರ್," ಎಂದರು ಬೀಗರು ಗಂಭೀರವಾಗಿ.

"ಅಗಂ ಬಾಈ! ಘಾಟ್ಕೋಪರಲಾ ಶೇತ್? ಮಗ್ ತುಮ್ಹೀ ಲಯ್ ಶ್ರೀಮಂತ್!" ಘಾಟ್ಕೋಪರಿನಲ್ಲಿ ಹೊಲವಿದ್ದರೆ ನೀವು ಭಾರಿ ಶ್ರೀಮಂತರು ಎಂದಳು. ಡಬ್ಬಿಯೆಲ್ಲ ನಕ್ಕಿತು. ದಾದರಿನಲ್ಲಿ ಗಾಡಿ ಬದಲಿಸುವಾಗ ಆ ಹೆಂಗಸೇ ನೇಗಿಲಿನ ಒಂದು ತುದಿ ಹಿಡಿದು ಇಳಿಸಿಕೊಟ್ಟಳು. ಇಳಿಸಿ, ಅದನ್ನು ಮುಟ್ಟಿದ ಕೈಯನ್ನು ಹಣೆಗೆ ಒತ್ತಿಕೊಂಡಳು.

ಯುಗಾದಿಗೆ ಒಂದು ವಾರ ಇದ್ದಾಗ ತಮ್ಮನಿಗೆ ಫೋನು ಮಾಡಿದೆ. ಅವನು ಊರಲ್ಲೇ ಬೇಸಾಯ ಮಾಡಿಕೊಂಡಿದ್ದಾನೆ. ಅದಕ್ಕೆ ಮೊದಲೇ, ಹೊಸ ಪಂಚಾಂಗ ನೋಡಿಸಿ, ಈ ವರ್ಷ ಹೊನ್ನಾರು ಯಾವ ರಾಶಿಗೆ ಬಂದಿದೆ ಎಂದು ಕೇಳಿ ಹೇಳು ಎಂದಿದ್ದೆ. ನಿಮ್ಮಪ್ಪನದೋ ಬೀಗರದೋ ಬರಲಿ ಎಂದು ಮನಸ್ಸಿನಲ್ಲಿ ಬೇಡಿಕೊಂಡಿದ್ದೆ.

"ಮಿಥುನಕ್ಕೆ ಬಂದದೆ ಕಣಕ್ಕ," ಎಂದ.

ನಾನು ಫೋನನ್ನು ಇನ್ನೊಂದು ಕಿವಿಗೆ ಬದಲಿಸಿದೆ.

"ನಿಮ್ಮನೇಲಿ ಮಿಥುನ ಯಾರು?" ಎಂದು ಅವನೇ ಕೇಳಿ, ಅವನೇ ತಡವರಿಸಿದ. "ಓ... ನೀನೇ ಅಲ್ವಾ?"

"ನಾನೇ."

"ಅಯ್ಯೋ, ಹೋಗ್ಲಿ ಬಿಡಕ್ಕ. ಬಿಲ್ಡಿಂಗ್‌ನಾಗೆ ಇನ್ಯಾರಾದ್ರೂ ಮಿಥುನದ ಗಂಡಸ್ರು ಇದ್ರೆ ಕರ್ಕೊ. ನೀನು ಹಿಡಿಯೋದು ಅಂದ್ರೆ... ಹೆಂಗಸ್ರು ಹಿಡಿಯೋದೇ ಇಲ್ಲ, ಅದ್ರಾಗೂ ಭಾವ ಹೋದ್ಮೇಲೆ..." ಅವನು ಕೆಟ್ಟ ಮನಸ್ಸಿನಿಂದ ಹೇಳಲಿಲ್ಲ. ನಾವಿಬ್ಬರೂ ಆ ಬಾಗಿಲ ಹಿಂದಿನ ಒಂದು ಕಣ್ಣನ್ನು ನೋಡಿ ಬೆಳೆದವರು.

ದೊಡ್ಡವಳು ಪಕ್ಕದಲ್ಲೇ ಕೂತು ಕೇಳಿಸಿಕೊಳ್ಳುತ್ತಿದ್ದಳು. ಫೋನು ಇಟ್ಟ ಕೂಡಲೇ, "ಲೇಡೀಸ್ ಅಲೌಡ್ ನಹೀಂ ಹೈ ಕ್ಯಾ?" ಎಂದಳು.

"ಪದ್ಧತಿ ಇಲ್ಲ ಕಣಮ್ಮ."

"ಇಂಗ್ಲೆಂಡಲ್ಲಿ ಗಂಡಸು ಹೆಂಗಸಿನ ಡ್ರೆಸ್ ಹಾಕ್ಕೊಂಡು ಬರ್ತಾನೆ, ಅವನಿಲ್ಲದೆ ನೇಗಿಲು ಹೊರಡೋದೇ ಇಲ್ಲ. ನೀನು ಹೇಗೂ ಸೀರೆ ಉಟ್ಟೇ ಇದ್ದೀಯಲ್ಲ ಅಜ್ಜಿ. ಡ್ರೆಸ್ಸಿನ ಕೆಲಸವೂ ಇಲ್ಲ!"

ನಿಮ್ಮಮ್ಮ ಅಡುಗೆಮನೆಯಲ್ಲಿ ಜೋರಾಗಿ ನಕ್ಕಳು. ನಕ್ಕು, ಹೊರಗೆ ಬಂದು, ನಗು ನಿಲ್ಲಿಸಿ, "ನೀವೇ ಹಿಡಿಯಿರಿ ಅತ್ತೆ. ಎಂತ ಆಗ್ತದೆ?" ಎಂದಳು.

ಏನಾಗುತ್ತದೆ ಎಂದು ನಾನೂ ಯೋಚಿಸಿದೆ. ಬಕೆಟ್ಟಿನಲ್ಲಿ ನೀರು ಹೊತ್ತು ಹೋಗಿ ಮಣ್ಣಿಗೆ ಹಾಕುತ್ತಾ ಯೋಚಿಸಿದೆ. ಮಳೆ ಬಂದ ಮೇಲೆ ಉಳುವ ನೆಲವಲ್ಲ ಅದು, ನಾನೇ ಮೆತ್ತಗೆ ಮಾಡಬೇಕಿತ್ತು. ಪಂಚಾಂಗ ಕೇಳಿದ್ದು ರಾಶಿಯನ್ನು. ಉಳ್ಳವನೋ ಇಲ್ಲದವನೋ ಎಂದೇ ಕೇಳದ ಪಂಚಾಂಗ, ನನ್ನ ಹಣೆಯಲ್ಲಿ ಕುಂಕುಮ ಇದೆಯೋ ಇಲ್ಲವೋ ಎಂದು ಕೇಳೀತೇ? ಅದನ್ನು ಕೇಳುತ್ತಿದ್ದವರು ನಾವು. ನಾನು ಹಿಡಿಯದಿದ್ದರೆ ಸಾಲಿಲ್ಲ, ಸಾಲಿಲ್ಲದಿದ್ದರೆ ಕರಿಬೇವಿನ ಬುಡಕ್ಕೆ ಸಿಮೆಂಟು. ಬಕೆಟ್ಟು ಬರಿದಾಗುವ ಹೊತ್ತಿಗೆ ಹಿಡಿಯುವುದು ಎಂದು ಗಟ್ಟಿ ಮಾಡಿಕೊಂಡೆ. ಆಮೇಲೆ ಅದರ ಬಗ್ಗೆ ಯಾರನ್ನೂ ಕೇಳಲಿಲ್ಲ.

ಯುಗಾದಿಯ ಬೆಳಗ್ಗೆ ಬೇವು ಬೆಲ್ಲ ಕೊಟ್ಟು, ನೇಗಿಲಿಗೆ ಅರಿಸಿನ ಬಳಿದು, ಮಾವಿನ ಸೊಪ್ಪು ಕಟ್ಟಿದೆ. ಬಾಲ್ಕನಿಗಳಲ್ಲಿ ಕೋಲಿಗೆ ರೇಷ್ಮೆ ಖಣ ಸುತ್ತಿ ತಂಬಿಗೆ ಕವುಚಿದ ಪಾಡ್ವಾ ಗುಡಿಗಳು ಎದ್ದಿದ್ದವು. ಬೀಗರು ಬೆಳಗಿನ ಗಿರಾಕಿ ಬಿಟ್ಟು ಬಂದಿದ್ದರು. ಕೆಳಗೆ ಇಳಿದು ನೋಡಿದರೆ ದೊಡ್ಡವಳೂ ಅವಳ ಸೈನ್ಯವೂ ಬಟ್ಟೆ ಒಣಗಿಸುವ ನೈಲಾನ್ ಹಗ್ಗವನ್ನು ನೇಗಿಲಿಗೆ ಕಟ್ಟಿ, ಹೋಳಿಯಲ್ಲಿ ಮಿಕ್ಕ ಬಣ್ಣವನ್ನು ಮುಖಕ್ಕೆ ಮೆತ್ತಿಕೊಂಡು, ಇಂಗ್ಲೆಂಡಿನವರ ಹಾಗೆ ಸಿದ್ಧವಾಗಿ ನಿಂತಿದ್ದರು. ಕಿಟಕಿಗಳಲ್ಲೆಲ್ಲ ತಲೆಗಳು. ಟ್ರ್ಯಾಕ್ಟರ್ ಎಂದಿದ್ದ ಕೆಳಮನೆಯವರು ಕುರ್ಚಿ ಹಾಕಿಕೊಂಡೇ ಕೂತಿದ್ದರು. ನನ್ನ ಹೆಜ್ಜೆ ತಡೆಯಿತು.

ದೊಡ್ಡವಳಿಗೆ ಅದು ಕಂಡಿತು. ನೀಲಿ ಬಣ್ಣದ ಪೊಟ್ಟಣ ಹಿಡಿದು ಹತ್ತಿರ ಬಂದಳು. "ಅಜ್ಜಿ, ಹಚ್ಚಲಾ? ಹಚ್ಚಿದರೆ ನೀನು ಅಂತ ಯಾರಿಗೂ ಗೊತ್ತಾಗಲ್ಲ. ಅದಕ್ಕೇ ಅವರೂ ಹಚ್ಚಿಕೊಳ್ಳೋದು."

ಅವಳ ಕಣ್ಣಿನಲ್ಲಿ ಅಷ್ಟು ಕರುಣೆ ಇತ್ತು. ಒಂದು ಕ್ಷಣ ನನ್ನ ಕೈ ಮುಂದೆ ಹೋಗಿತ್ತು ಎನ್ನುವುದನ್ನೂ ಬರೆಯುತ್ತೇನೆ.

"ಬೇಡ ಕಣಮ್ಮ," ಎಂದೆ. "ಯಾರು ಹಿಡಿದರು ಅಂತ ಗೊತ್ತಾಗಲಿ."

ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ, ಕರಿಬೇವಿನ ಮರಕ್ಕೆ ಬೆನ್ನು ಮಾಡಿ, ಮೂಡಲಿಗೆ ಮುಖ ಮಾಡಿ ನಿಂತು ಮೇಣಿ ಹಿಡಿದೆ. ಮೇಣಿ ಎಂದರೆ ನೇಗಿಲ ಹಿಡಿ. ನಿಮ್ಮಮ್ಮ ಚಿಕ್ಕವನನ್ನು ಸೊಂಟದಲ್ಲಿಟ್ಟುಕೊಂಡೇ ಒಂದು ಕೈಯಲ್ಲಿ ಆರತಿ ಎತ್ತಿದಳು, ನೇಗಿಲಿಗೆ, ಆಮೇಲೆ ನನಗೆ. ಅಷ್ಟು ಹೊತ್ತಿಗೆ ಸೆಕ್ರೆಟರಿ ಹೊಸ ಕುರ್ತಾದಲ್ಲಿ ಬಂದರು. ನಗುತ್ತಲೇ ಬಂದವರು ನಿಜವಾದ ನೇಗಿಲು ಕಂಡು ನಿಂತರು. ಏನೂ ಹೇಳದೆ ಚಪ್ಪಲಿ ಬಿಚ್ಚಿ ಗೋಡೆಯ ಪಕ್ಕ ಇಟ್ಟರು.

"ಎಳೀರಿ," ಎಂದೆ.

ಮಕ್ಕಳು ಹಗ್ಗಜಗ್ಗಾಟ ಎಂದುಕೊಂಡಿದ್ದರು. ಎಳೆದ ರಭಸಕ್ಕೆ ನೇಗಿಲು ಹಾರಿ ನಾನು ಮುಗ್ಗರಿಸುವುದರಲ್ಲಿದ್ದೆ. "ಮೆಲ್ಲಗೆ! ನೀವು ಎತ್ತುಗಳು, ಕುದುರೆಯಲ್ಲ," ಎಂದು ಬೀಗರು ಕೂಗಿದರು. ಮೇಣಿಯ ಮೇಲೆ ಮೈಭಾರ ಬಿಟ್ಟೆ. ಗುಳ ಮಣ್ಣನ್ನು ಕಚ್ಚಿತು. ದಿನವೂ ನೀರು ಕುಡಿದ ಮಣ್ಣು ಎರಡೂ ಕಡೆಗೆ ಹೊರಳಿತು. ಆ ವಾಸನೆ ಬಂದಾಗ ಕಿಟಕಿಯ ತಲೆಗಳು ನನಗೆ ಮರೆತುಹೋದವು.

ನುಗ್ಗೆ ಮರದ ಹತ್ತಿರ ನೇಗಿಲು ನಿಂತುಬಿಟ್ಟಿತು. ಮಕ್ಕಳು ಜಗ್ಗಿದರು, ಅಲುಗಲಿಲ್ಲ. ಬೀಗರು ಹಗ್ಗಕ್ಕೆ ಕೈ ಹಾಕಿದರು, ಆಗಲೂ ಇಲ್ಲ. ಅಲ್ಲಿಗೆ ನಿಂತಿದ್ದರೆ ಅರ್ಧ ಮಣ್ಣು ಹೋಗುತ್ತಿತ್ತು, ನುಗ್ಗೆ ಮರವೂ ಹೋಗುತ್ತಿತ್ತು.

"ಸ್ವಲ್ಪ ಎತ್ತಿ ಆಚೆಗೆ ಇಡಿ ಅಮ್ಮಾ, ಎಂತದೋ ಸಿಕ್ಕಿದೆ," ಎಂದರು ಬೀಗರು.

"ಎತ್ತೋ ಹಾಗಿಲ್ಲ."

"ಯಾರು ನೋಡ್ತಾರೆ?"

"ಎತ್ತಲ್ಲ."

ಕೈಯ ಚರ್ಮ ಸುಲಿದಿತ್ತು. ಬಿಡಲಿಲ್ಲ. ನಿಮ್ಮಮ್ಮ ಅತ್ತ ಇತ್ತ ನೋಡಿ, ಹತ್ತಿರ ನಿಂತಿದ್ದ ಸೆಕ್ರೆಟರಿಯ ತೋಳಿಗೆ ಚಿಕ್ಕವನನ್ನು ತುರುಕಿ, "ಜರಾ ಪಕಡೋ ಅಂಕಲ್," ಎಂದು ಓಡಿ ಬಂದು ಹಗ್ಗ ಹಿಡಿದಳು. ಮೇಲಿನಿಂದ ನಿಮ್ಮಪ್ಪ ಇಳಿದು ಬಂದ. ಅಲ್ಲಿಯವರೆಗೂ ಬಾಲ್ಕನಿಯಲ್ಲಿ ನಿಂತು ನೋಡುತ್ತಿದ್ದನಂತೆ. ನನ್ನ ಮುಖ ನೋಡದೆ ಹಗ್ಗದ ತುದಿ ಹಿಡಿದ. ನಾನು ಮೇಣಿಯನ್ನು ಎಡಕ್ಕೆ ಬಲಕ್ಕೆ ಅಲುಗಿಸಿ ಒತ್ತಿದೆ, ಅವರು ಎಳೆದರು. ಅಡಿಯಲ್ಲಿ ಹೂತಿದ್ದ ಇಟ್ಟಿಗೆಯೊಂದು ಹಲ್ಲು ಕಿತ್ತ ಹಾಗೆ ಎದ್ದು ಹೊರಗೆ ಬಿತ್ತು. ನೇಗಿಲು ಮುಂದೆ ಹೋಯಿತು. ಕೆಳಮನೆಯವರು ಕುರ್ಚಿಯಿಂದ ಎದ್ದು ನಿಂತರು.

ಪಂಪ್ ರೂಮಿನವರೆಗೆ ಹೋಗಲಿಲ್ಲ. ಅದಕ್ಕೆ ಒಂದಿಷ್ಟು ಮೊದಲು ಕಟ್ಟಡ ಕಟ್ಟಿದವರು ಮಣ್ಣಿನ ಅಡಿಯಲ್ಲಿ ಕಾಂಕ್ರೀಟು ಸುರಿದಿದ್ದರು. ಗುಳ ಕಲ್ಲಿಗೆ ತಾಗಿ ಕಿರುಗುಟ್ಟಿತು. ಸಾಲು ಅಲ್ಲಿಗೆ ಮುಗಿಯಿತು. ಆಗ ನೇಗಿಲನ್ನು ಎತ್ತಿ ಪಕ್ಕಕ್ಕಿಟ್ಟು, ಆಗ ಹಿಂದೆ ತಿರುಗಿ ನೋಡಿದೆ. ಕರಿಬೇವಿನಿಂದ ನನ್ನ ಕಾಲಿನವರೆಗೆ ಒಂದು ಸೊಟ್ಟ ಸಾಲು. ನನ್ನ ಅಪ್ಪ ನೋಡಿದ್ದರೆ ಬೈಯುತ್ತಿದ್ದರು, ಅಷ್ಟು ಸೊಟ್ಟ.

ಸೆಕ್ರೆಟರಿ ಚಿಕ್ಕವನನ್ನು ಎತ್ತಿಕೊಂಡೇ ಬರಿಗಾಲಿನಲ್ಲಿ ಸಾಲಿನ ಪಕ್ಕಕ್ಕೆ ನಡೆದು ಬಂದರು. ದಾರಿಯಲ್ಲಿ ಬಗ್ಗಿ ಆ ಇಟ್ಟಿಗೆಯನ್ನು ತೆಗೆದುಕೊಂಡರು. ಸಾಲು ಮುಗಿದ ಕಡೆ ಅದನ್ನು ನಿಲ್ಲಿಸಿ ಇಟ್ಟು, "ಇಥಪರ್ಯಂತ್," ಎಂದರು. ಇಲ್ಲಿಯವರೆಗೆ. ಕಮಿಟಿಯಲ್ಲಿ ಒಂದಿಬ್ಬರು ಗೊಣಗಿದರೆಂದು ಆಮೇಲೆ ಕೇಳಿದೆ. ಎಲ್ಲರ ಮುಂದೆ ಪಕ್ಕಾ ಎಂದಿದ್ದ ಮಾತು, ಅವರು ತಿರುಗಿಸಲಿಲ್ಲ.

ಇಟ್ಟಿಗೆಯ ಆಚೆಗೆ ಬ್ಲಾಕು ಹಾಸಿದರು, ಈಗ ಅಲ್ಲಿ ಸ್ಕೂಟರುಗಳು ನಿಲ್ಲುತ್ತವೆ. ಈಚೆ ಕಡೆ, ಮಳೆ ಹಿಡಿದ ಮೇಲೆ, ರಾಗಿ ಬಿತ್ತಿದೆ, ತಮ್ಮ ಕಳಿಸಿದ ಬೀಜ. ಫೋನಿನಲ್ಲಿ ಅವನು, "ಹಿಡಿದೇಬಿಟ್ಟಾ ಅಕ್ಕ?" ಎಂದಷ್ಟೇ ಕೇಳಿದ. ಬೀಜ ಮಾತ್ರ ಕೇಳಿದ್ದಕ್ಕಿಂತ ಹೆಚ್ಚು ಕಳಿಸಿದ್ದ. ತೆನೆಗಳಲ್ಲಿ ಮುಕ್ಕಾಲು ಗಿಳಿಗಳ ಪಾಲಾಯಿತು. ಉಳಿದದ್ದನ್ನು ಬೀಸಿ ಮುದ್ದೆ ಮಾಡಿದೆ, ತಲೆಗೊಂದು ತುತ್ತು ಬಂತು. ನೇಗಿಲು ಗ್ರಾಂಟ್ ರೋಡಿನ ಗೋಡೆಗೆ ಮರಳಿದೆ. ಗುಳಕ್ಕೆ ಮೆತ್ತಿದ ಮಣ್ಣನ್ನು ಒರೆಸಬಾರದೆಂದು ಬೀಗರು ಹೋಟೆಲಿನವರಿಗೆಲ್ಲ ಹೇಳಿದ್ದಾರೆ.

ಈ ವರ್ಷ ಯುಗಾದಿ ಹತ್ತಿರ ಬಂದಾಗ ತಮ್ಮ ತಾನಾಗಿಯೇ ಫೋನು ಮಾಡಿ, ಹೊನ್ನಾರು ಕನ್ಯಾ ರಾಶಿಗೆ ಬಂದಿದೆ ಎಂದ. ನಮ್ಮ ಮನೆಯಲ್ಲಿ ಯಾರದೂ ಕನ್ಯಾ ಅಲ್ಲ. ಬೀಗರದೂ ಅಲ್ಲ. ನಾನು ಸೆರಗು ಹೊದ್ದು ಮೂರನೇ ಮಹಡಿಗೆ ಹೋದೆ. ಲಿಫ್ಟಿನಲ್ಲಿ ಯಾರೋ ಇದ್ದರು, ಇರಲಿ ಎಂದು ಒಳಗೆ ಹೋದೆ. ಬೆಲ್ ಒತ್ತಿದಾಗ ಸೆಕ್ರೆಟರಿಯೇ ಬಾಗಿಲು ತೆಗೆದರು.

"ಆಪಕೀ ರಾಶಿ ಕ್ಯಾ ಹೈ?" ಎಂದೆ.

"ಕನ್ಯಾ," ಎಂದರು ಅವರು ತಬ್ಬಿಬ್ಬಾಗಿ. "ಕ್ಯೂಂ ಮಾಜೀ?"

ಹೇಳಿದೆ. ಅವರು ಬಾಗಿಲಿನ ಚೌಕಟ್ಟು ಹಿಡಿದುಕೊಂಡರು. ತಾವು ಊರು ಬಿಟ್ಟ ಮೇಲೆ ನೇಗಿಲು ಮುಟ್ಟಿಲ್ಲ, ಎಲ್ಲರ ಮುಂದೆ ಹೇಗೆ ಹಿಡಿಯುವುದು ಎಂದು ಮೆಲ್ಲಗೆ ಕೇಳಿದರು.

"ಉಠಾನಾ ನಹೀಂ. ಪೀಛೇ ದೇಖನಾ ನಹೀಂ," ಎಂದೆ. ಎತ್ತಬೇಡಿ, ಹಿಂದೆ ನೋಡಬೇಡಿ. ಅಷ್ಟು ಹೇಳಿ ಬಂದೆ. ಮಣ್ಣು ಗಟ್ಟಿಯಾಗಿತ್ತು, ನೀರು ಹಾಕಬೇಕಿತ್ತು. ಬಕೆಟ್ಟು ತೆಗೆದುಕೊಂಡು ಕೆಳಗೆ ಇಳಿದೆ.